ಕಾವೇರಿಯಲ್ಲಿ ಏಳು ಮುಳುಗು

ನೆಲ್ಯಹುದಿಕೇರಿ, ಕೊಡಗು ರಾಜ್ಯ
5-7-1953

ಸೊಸೆ ವನಜಳಿಗೆ,

ನಿನ್ನ ಸೋದರಮಾವ ಜವರಪ್ಪನ ಆಶೀರ್ವಾದ. ನೀನು ಅಲ್ಲಿ ಕ್ಷೇಮವೆಂದು ನಿನ್ನ ಕಾಗದ ಹೇಳಿತು. ನಾನು ಇಲ್ಲಿ ಕ್ಷೇಮವಾಗಿರುವ ಬಗ್ಗೆ ಊರಿನವರ ತಕರಾರು ಇದ್ದೇ ಇದೆ.

ಅಂಚೆಯವನು ನಿನ್ನ ಕಾಗದವನ್ನು ಎರಡು ಬೆರಳಿನಲ್ಲಿ ತುದಿ ಹಿಡಿದು ಕೊಟ್ಟ. ಕುಷ್ಠರೋಗದ ಆಸ್ಪತ್ರೆಯ ಮುದ್ರೆ ಕಂಡರೆ ಅವನ ಕೈಗೆ ಹಾಗಾಗುತ್ತದೆ. ನಾನು ಅವನೆದುರಿಗೇ ಕಾಗದವನ್ನು ಕೆನ್ನೆಗೆ ಒತ್ತಿಕೊಂಡು, ಅದೇ ಕೈಯಲ್ಲಿ ಅವನ ಭುಜ ಹಿಡಿದು, “ಕೂತ್ಕೊಳಪ್ಪ, ಕಾಫಿ ಕುಡ್ದು ಹೋಗು” ಅಂದೆ. ಅವನು ಸೈಕಲ್ ಹತ್ತಿದ ವೇಗವನ್ನು ನೀನು ನೋಡಬೇಕಿತ್ತು.

ಡಾಕ್ಟರು ನಿನ್ನ ಕಿವಿಯಿಂದಲೂ ಮೂಗಿನಿಂದಲೂ ರಸ ತೆಗೆದು ಗಾಜಿನ ಮೇಲಿಟ್ಟು ನೋಡಿದರು, ರೋಗದ ಹುಳ ಇಲ್ಲ, ವರ್ಷದ ಕೊನೆಗೆ ಮನೆಗೆ ಹೋಗಬಹುದು, ಗುಳಿಗೆಯನ್ನು ಮಾತ್ರ ಇನ್ನೂ ಕೆಲವು ವರ್ಷ ಬಿಡಬಾರದು ಅಂದರು ಎಂದು ಬರೆದಿದ್ದೀಯ. ಸಂತೋಷ. ನೀನು ಹೇಳಿದಂತೆ ನಿನ್ನ ಗಂಡ ಗಂಗಣ್ಣನ ಮನೆಗೆ ಹೋಗಿದ್ದೆ. ಅವನು ಕಾಲಿನ ಕೆಸರನ್ನು ಕಡ್ಡಿಯಿಂದ ಕೆರೆಯುತ್ತ ಕೂತಿದ್ದ. ನಾನು ಹೊರಡುವವರೆಗೂ ಆ ಕೆಸರು ಮುಗಿಯಲಿಲ್ಲ. ಮಾತಾಡಿದ್ದೆಲ್ಲ ನಿನ್ನ ಅತ್ತೆ ಮಹಾದೇವಮ್ಮ.

“ಗುಣ ಆಯ್ತು ಅಂತ ಯಾರಂದ್ರು ಜವರಪ್ಪಣ್ಣ?”

“ಡಾಕ್ಟರು.”

“ಡಾಕ್ಟರು ನಮ್ ಪಂಕ್ತೀಲಿ ಕೂತು ಉಣ್ತಾರಾ? ಆ ರೋಗ ಗುಣ ಆಗಿದ್ದನ್ನ ನಮ್ಮಪ್ಪ ಕಂಡಿಲ್ಲ, ಅವರಪ್ಪ ಕಂಡಿಲ್ಲ. ಸೂಜಿ ಚುಚ್ಚಿದ್ರೆ ಹೋಗೋದಾಗಿದ್ರೆ ಅದನ್ನ ದೊಡ್ಡರೋಗ ಅಂತ ಯಾಕ್ ಕರೀತಿದ್ರು?”

ನಿನ್ನ ಮಗಳು ಪುಟ್ಟತಾಯಿ ಕರುವಿನ ಬೆನ್ನ ಮೇಲೆ ಕೂರುವುದನ್ನು ಕಲಿತಿದ್ದಾಳೆ. ಕರುವಿಗೆ ಅದು ಇಷ್ಟವಿಲ್ಲ. ಅವಳಿಗೆ ಅದರ ಚಿಂತೆಯಿಲ್ಲ.

ನಿಮ್ಮ ಮಿಷನ್ ಆಸ್ಪತ್ರೆಯ ಸಂಜೆ ಪ್ರಾರ್ಥನೆಯಲ್ಲಿ ರೂತಮ್ಮನವರು ಬೈಬಲಿನಿಂದ ಓದುವ ಕಥೆ ಬರೆದಿದ್ದೆಯಲ್ಲ, ಕೈಕಾಲು ಬಿದ್ದವನನ್ನು ನಾಲ್ಕು ಜನ ಹೊತ್ತು ತಂದು, ಬಾಗಿಲಲ್ಲಿ ಜಾಗವಿಲ್ಲದೆ ಚಾವಣಿ ಕಿತ್ತು ಕೆಳಗಿಳಿಸಿದ್ದು. ಎಸ್ಟೇಟಿನಲ್ಲಿ ಹೆಂಚು ಇಳಿಸುವುದರಲ್ಲಿ ಪಾಲಿಬೆಟ್ಟದ ತನಕ ನನ್ನಂಥ ಮೇಸ್ತ್ರಿ ಇಲ್ಲ, ಆದ್ದರಿಂದ ಕೇಳುತ್ತೇನೆ: ಆ ಮನೆ ಯಜಮಾನನ ಗತಿ ಏನಾಯಿತು? ಇನ್ನೊಂದು. ನಿಮ್ಮ ಯೇಸುಸ್ವಾಮಿ ಹೊತ್ತು ತಂದವರ ನಂಬಿಕೆ ನೋಡಿ ಗುಣ ಮಾಡಿದರು ಅಂತ ಬರೆದಿದ್ದೀಯ. ಹಾಸಿಗೆಯಲ್ಲಿದ್ದವನನ್ನು ನಿನಗೆ ನಂಬಿಕೆ ಉಂಟೇನಯ್ಯ ಅಂತ ಕೇಳಲೇ ಇಲ್ಲ. ಅಂದ ಮೇಲೆ ನಂಬಬೇಕಾದವರು ರೋಗಿಯೋ, ಊರಿನವರೋ? ಕೇಳಿ ಬರೆ.

ನಿನ್ನ ಮಾವ
ಜವರಪ್ಪ


ಆಸ್ಪತ್ರೆ
28-7-1953

ಮಾವಯ್ಯನವರಿಗೆ ವನಜಳ ನಮಸ್ಕಾರಗಳು.

ಚಾವಣಿಯ ಮಾತನ್ನು ರೂತಮ್ಮನವರಿಗೆ ಓದಿ ಹೇಳಿದೆ. ತುಂಬ ನಕ್ಕರು. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಆ ಮನೆಯವನನ್ನು ಯಾರೂ ನೆನೆಸಿರಲಿಲ್ಲ ಅಂದರು. ಎರಡನೆಯ ಪ್ರಶ್ನೆಗೆ ನಗಲಿಲ್ಲ. ಯೋಚಿಸಿ ಹೇಳುತ್ತೇನೆ ಅಂದರು.

ಈ ವಾರ ನಾಮಾನನ ಕಥೆ ಓದಿದರು. ಅವನು ಒಂದು ರಾಜ್ಯದ ಸೇನಾಪತಿ. ನಮ್ಮದೇ ರೋಗ. ಆ ಕಥೆ ಬಂದಾಗ ಇಲ್ಲಿ ಎಲ್ಲರೂ ಕೆಮ್ಮನ್ನೂ ತಡೆದು ಕೂರುತ್ತಾರೆ. ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ಏಳು ಎಂದು ಪ್ರವಾದಿ ಹೇಳಿ ಕಳಿಸುತ್ತಾನೆ. ನಮ್ಮ ದೇಶದ ಹೊಳೆಗಳೇನು ಕಡಿಮೆಯೇ ಎಂದು ಅವನಿಗೆ ಸಿಟ್ಟು. ಆಳುಗಳು ಸಮಾಧಾನ ಹೇಳಿದ ಮೇಲೆ ಹೋಗಿ ಮುಳುಗುತ್ತಾನೆ. ಮೈ ಮಗುವಿನ ಮೈಯಂತಾಗುತ್ತದೆ.

ಅವನಿಗೆ ನಂಬಿಕೆ ಎಲ್ಲಿತ್ತು, ಗೊಣಗಿಕೊಂಡೇ ಹೋದನಲ್ಲ ಎಂದು ಕೇಳಿದೆ. ಗೊಣಗಿದರೂ ಹೊಳೆಗೆ ಇಳಿದನಲ್ಲ, ಅಷ್ಟೇ ನಂಬಿಕೆ ಅಂದರು. ನನಗೆ ಒಪ್ಪಿಗೆಯಾಯಿತೋ ಇಲ್ಲವೋ ಗೊತ್ತಿಲ್ಲ. ಕಥೆಯಲ್ಲಿ ಒಂದು ಗಳಿಗೆಗೆ ಹೋಗುತ್ತದೆ. ನನ್ನ ತೋಳು ಎರಡು ವರ್ಷ ಸೂಜಿ ತಿಂದು ಮರದ ಹಾಗಾಗಿದೆ. ಅವನ ಕಥೆ ಕೇಳಿದಾಗ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚು.

ಪುಟ್ಟತಾಯಿ ಈಗಲೂ ಬೆರಳು ಚೀಪುತ್ತಾಳೆಯೆ? ನನ್ನ ಬಗ್ಗೆ ಕೇಳುತ್ತಾಳೆಯೆ? ಅದನ್ನು ಬರೆಯಬೇಡಿ. ಬೆರಳಿನದು ಬರೆಯಿರಿ.

ನಿಮ್ಮ ಸೊಸೆ
ವನಜ


ನೆಲ್ಯಹುದಿಕೇರಿ
20-10-1953

ಸೊಸೆ ವನಜಳಿಗೆ ಜವರಪ್ಪನ ಆಶೀರ್ವಾದ.

ಬೆರಳು ಚೀಪುವುದು ಬಿಟ್ಟಿದ್ದಾಳೆ. ಈಗ ಅಜ್ಜಿಯ ಸೆರಗಿನ ತುದಿ ಜಗಿಯುತ್ತಾಳೆ.

ಇನ್ನು ನನ್ನ ಪ್ರತಾಪ ಕೇಳು. ನಿಂತು ಓದುತ್ತಿದ್ದರೆ ಕೂತುಕೋ.

ಮೊನ್ನೆ ತುಲಾ ಸಂಕ್ರಮಣ. ತಲಕಾವೇರಿಯಲ್ಲಿ ತೀರ್ಥ ಉಕ್ಕುವ ದಿನ ಇಲ್ಲಿ ಹೊಳೆಗಿಳಿಯದವರು ಯಾರು? ಎಸ್ಟೇಟಿಗೂ ರಜೆ. ಊರೆಲ್ಲ ಒದ್ದೆಯಾಗಿ ನಿಂತಿರುವಾಗ ನಾನು ಸೊಂಟದುದ್ದ ನೀರಿನಲ್ಲಿ ನಿಂತು ಕಣ್ಣೊರೆಸಿಕೊಂಡೆ. ನೀರಿನಲ್ಲಿ ನಿಂತವನ ಕಣ್ಣಲ್ಲಿ ನೀರಿರುವುದು ದೊಡ್ಡ ಕೆಲಸವೇನಲ್ಲ, ಆದರೆ ಊರ ಯಜಮಾನ ರೇವಣ್ಣ ನೋಡಿದರು.

“ಯಾಕ್ಲಾ ಜವರಪ್ಪ?”

“ಹೇಳಬಾರದು ಅಂತಿದ್ದೆ ಯಜಮಾನ್ರೇ. ವನಜಿಗೆ ಗುಣ ಆಯ್ತು.”

“ಸೂಜೀಲಾ?”

“ಸೂಜೀಲಿ ಎಲ್ಲಾಯ್ತದೆ. ಅಮ್ಮ ಕನಸಲ್ಲಿ ಬಂದು, ನನ್ನ ಹೊಳೇಲಿ ಏಳು ಮುಳುಗು ಹಾಕು ಅಂದ್ಲಂತೆ. ಆ ಆಸ್ಪತ್ರೆ ಕೆಳಗೂ ಇದೇ ಕಾವೇರಮ್ಮ ಹರೀತಾಳಲ್ಲ. ಹಾಕಿದ್ಲು. ಮೈ ಮಗೂ ಮೈ ಆಗೋಯ್ತು.”

“ಏಳಾ? ನಮ್ ಕಡೆ ಮೂರಲ್ವಾ?”

“ಮೂರು ನೆಗಡಿಗೆ. ಈ ರೋಗಕ್ಕೆ ಏಳು.”

ರೇವಣ್ಣ ಕೈಮುಗಿದರು. ಅವರು ಮುಗಿದ ಮೇಲೆ ಉಳಿದವರ ಕೈ ಕೆಳಗಿರುತ್ತದೆಯೇ? ಸಂಜೆಯೊಳಗೆ ಕಥೆ ನನ್ನನ್ನು ದಾಟಿ ಹೋಗಿತ್ತು. ನೀನು ಮುಳುಗಿದಾಗ ನೀರಿನ ಮೇಲೆ ದೀಪ ಕಂಡಿತ್ತೆಂದು ಯಾರೋ ನನಗೇ ಹೇಳಿದರು. ನಾಮಾನನ ಜಾಗದಲ್ಲಿ ನೀನು, ಯೊರ್ದನ್ ಜಾಗದಲ್ಲಿ ಕಾವೇರಿ. ನಮ್ಮ ಹೊಳೆಯೇನು ಕಡಿಮೆಯೇ ಎಂದು ಅವನು ಕೇಳಿದ್ದು ನ್ಯಾಯವೇ.

ಮರುದಿನ ಮಹಾದೇವಮ್ಮ ತಾವಾಗಿ ನಮ್ಮ ಜಗಲಿಗೆ ಬಂದರು. “ಸಂಕ್ರಾಂತಿ ಹೊತ್ಗೆ ಕರ್ಕೊಂಡ್ ಬನ್ನಿ ಜವರಪ್ಪಣ್ಣ. ನಮ್ ಸಾಲಲ್ಲೇ ಎಲೆ ಹಾಕ್ತೀನಿ” ಅಂದರು. ಎರಡು ವರ್ಷದಲ್ಲಿ ಡಾಕ್ಟರಿಂದ ಆಗದ್ದು ನನ್ನ ಒಂದು ಸ್ನಾನದಲ್ಲಿ ಆಯಿತು.

ಒಂದು ಸಣ್ಣ ತೊಡಕು. ಗುಳಿಗೆ ಸುದ್ದಿ ಎತ್ತಬಾರದಂತೆ. “ಅಮ್ಮ ಗುಣ ಮಾಡಿದ್ಮೇಲೂ ಗುಳಿಗೆ ನುಂಗಿದ್ರೆ ಅಮ್ಮನ್ನ ನಂಬಲಿಲ್ಲ ಅಂತಾಗಲ್ವಾ?” ಅಂದರು. ನಾನು ಆಗುತ್ತದೆ ಅಂದೆ. ನೀನು ಹೆದರಬೇಡ. ಗುಳಿಗೆ ನನ್ನ ನಶ್ಯದ ಡಬ್ಬಿಯಲ್ಲಿರುತ್ತದೆ. ಮಾವನ ಮನೆಗೆ ಮಜ್ಜಿಗೆಗೆ ಬಂದ ಹಾಗೆ ಬಂದು ನುಂಗಿ ಹೋಗು.

ಜವರಪ್ಪ


ಆಸ್ಪತ್ರೆ
15-11-1953

ಮಾವಯ್ಯನವರಿಗೆ,

ನಿಮ್ಮ ಕಾಗದಕ್ಕೆ ಉತ್ತರ ತಡವಾಯಿತು. ಬರೆದು ಹರಿದೆ.

ನೀವು ನನ್ನನ್ನು ಮನೆ ಸೇರಿಸಿದಿರಿ. ಸುಳ್ಳು ಹೇಳಿ ಸೇರಿಸಿದಿರಿ. ಸಿಟ್ಟು ಮಾಡಬೇಕೆಂದು ಕೂತರೆ ಪುಟ್ಟತಾಯಿಯ ತಲೆಗೆ ಎಣ್ಣೆ ಹಚ್ಚುವುದೇ ಕಣ್ಣಿಗೆ ಬರುತ್ತದೆ. ಇಲ್ಲಿಂದ ಗುಣವಾಗಿ ಹೋದವರು ಅನೇಕರು ಮರಳಿ ಬಂದು ಬೇಲಿಯ ಹೊರಗೆ ಗುಡಿಸಲು ಹಾಕಿಕೊಂಡಿದ್ದಾರೆ. ರೋಗ ಮರುಕಳಿಸಿ ಬಂದವರಲ್ಲ. ಊರಿನಲ್ಲಿ ಯಾರೂ ಎಲೆ ಹಾಕಲಿಲ್ಲ, ಅಷ್ಟೆ.

ರೂತಮ್ಮನವರಿಗೆ ಹೇಳಲಿಲ್ಲ. ನಿಮ್ಮ ಕಾಗದ ಬಂದ ದಿನ ಅವರು ಓದಿದ್ದು, ಯೇಸುಸ್ವಾಮಿ ತಮ್ಮ ಸ್ವಂತ ಊರಿಗೆ ಹೋದಾಗ ಅಲ್ಲಿಯವರು ನಂಬಲಿಲ್ಲವಂತೆ, ಆದ್ದರಿಂದ ಹೆಚ್ಚು ಅದ್ಭುತ ಮಾಡಲಾಗಲಿಲ್ಲವಂತೆ. ನಿಮ್ಮ ಎರಡನೆಯ ಪ್ರಶ್ನೆಗೆ ಇದು ಉತ್ತರವಿರಬಹುದು ಅಂದರು.

ಜನವರಿಯಲ್ಲಿ ಬರುತ್ತೇನೆ. ಗುಳಿಗೆಯ ಡಬ್ಬಿಯಲ್ಲಿ ನಶ್ಯ ಉಳಿಯದ ಹಾಗೆ ತೊಳೆದಿಡಿ.

ವನಜ


ನೆಲ್ಯಹುದಿಕೇರಿ
10-12-1953

ಸೊಸೆಗೆ ಆಶೀರ್ವಾದ.

ಡಬ್ಬಿ ತೊಳೆದಾಯಿತು. ನಿನಗಾಗಿ ನಶ್ಯವನ್ನು ಎಲೆಯಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದೇನೆ. ಇಂಥ ತ್ಯಾಗವನ್ನು ನಿಮ್ಮ ಪುಸ್ತಕದಲ್ಲೂ ಯಾರೂ ಮಾಡಿರಲಾರರು.

ಕಾಫಿ ಕೊಯ್ಲು ಸುರುವಾಗಿದೆ. ಗೋಣಿಕೊಪ್ಪಲಿನಿಂದ ಜೀಪು ಬಂದು ಮೂಟೆ ಒಯ್ಯುತ್ತಿದೆ. ನಾನು ನಿಂತು ಅಳುವ ನಾಟಕ ಮಾಡಿದ ಜಾಗಕ್ಕೆ ಈಗ ಹೆಸರೇ ಬಿದ್ದಿದೆ, ಏಳುಮುಳುಗಿನ ಕಡವು. ಮಂಡಿನೋವಿನವರು, ಮಕ್ಕಳಾಗದವರು, ಸಾಲದವರು, ಎಲ್ಲರೂ ಸೋಮವಾರ ಬಂದು ಇಳಿಯುತ್ತಾರೆ. ಎಸ್ಟೇಟ್ ಲೈನಿನ ಕೂಲಿ ಜನರೂ ಬರುತ್ತಾರೆ. ನಾನು ದಡದಲ್ಲಿ ಕೂತು ಯಾರು ಎಷ್ಟನೆಯ ಮುಳುಗಿಗೆ ಉಸಿರು ಕಟ್ಟಿದರೆಂದು ನೋಡಿ ನಗುತ್ತೇನೆ.

ಎಲ್ಲರಿಗಿಂತ ದೊಡ್ಡ ಭಕ್ತೆ ನಿನ್ನ ಅತ್ತೆ. ಪುಟ್ಟತಾಯಿಯ ತೋಳಿನ ಮೇಲೆ ಒಂದು ಚಿಬ್ಬು ಎದ್ದಿದೆ, ಬಿಳಿಚಿಕೊಂಡ ಹಾಗೆ, ನನ್ನ ಹೆಬ್ಬೆರಳಿನಷ್ಟು. ಬೇವಿನೆಣ್ಣೆ ತಿಕ್ಕಿದರೆ ಹೋಗುತ್ತಿತ್ತು. ಆದರೆ ಮಹಾದೇವಮ್ಮ ಬಿಡುವವರೇ? ಸೋಮವಾರ ಬೆಳಗಾದರೆ ಈ ಚಳಿಯಲ್ಲಿ ಹುಡುಗಿಯನ್ನು ಏಳು ಸಲ ಅದ್ದಿ ತೆಗೆಯುತ್ತಾರೆ. ಅದು ಒದ್ದೆ ಕೋಳಿಮರಿಯ ಹಾಗೆ ನಡುಗುತ್ತ ಬಂದು ನನ್ನ ಕಂಬಳಿಯೊಳಗೆ ಸೇರಿಕೊಳ್ಳುತ್ತದೆ. ನೋಡಿದೆಯಾ, ನಂಬಿಕೆ ಅಂದರೆ ಅದು. ಅದನ್ನು ಹುಟ್ಟಿಸಿದವನು ನಿನ್ನ ಮಾವ.

ಜವರಪ್ಪ


ಆಸ್ಪತ್ರೆ
14-12-1953

ಮಾವಯ್ಯನವರಿಗೆ,

ಈ ಕಾಗದ ಸೇರಿದ ದಿನವೇ ಮಾಡಿ. ಬೆಳಗಿನ ಬೆಳಕಿನಲ್ಲಿ ಪುಟ್ಟತಾಯಿಯನ್ನು ಕೂರಿಸಿ ಕಣ್ಣು ಮುಚ್ಚಲು ಹೇಳಿ. ಆಟ ಅನ್ನಿ. ಕೋಳಿಪುಕ್ಕದ ತುದಿಯಿಂದ ಕೆನ್ನೆ, ಅಂಗೈ ಮುಟ್ಟಿ. ಎಲ್ಲಿ ಮುಟ್ಟಿದೆ, ಬೆರಳಲ್ಲಿ ತೋರಿಸು ಅನ್ನಿ. ಆಮೇಲೆ ಬಿಳಿಚಿದ ಜಾಗವನ್ನು ಮುಟ್ಟಿ.

ಚಿಬ್ಬಾದರೆ ತೋರಿಸುತ್ತಾಳೆ.

ನನಗೂ ಮೊದಲು ತೋಳಿನಲ್ಲೇ.

ವನಜ


ನೆಲ್ಯಹುದಿಕೇರಿ
24-12-1953

ವನಜ,

ಮಾಡಿದೆ.

ಕೆನ್ನೆ ಮುಟ್ಟಿದೆ, ತೋರಿಸಿದಳು. ಅಂಗೈ ಮುಟ್ಟಿದೆ, ನಕ್ಕು ಕೈ ಮುಚ್ಚಿಕೊಂಡಳು. ಆಮೇಲೆ ತೋಳಿನ ಮೇಲಿಟ್ಟೆ. ಅವಳು ಕಣ್ಣು ಮುಚ್ಚಿ ಕಾಯುತ್ತಿದ್ದಳು. “ಮುಟ್ಟು ತಾತ, ಯಾಕ್ ಸುಮ್ನಾದೆ?” ಅಂದಳು. ಪುಕ್ಕ ಆ ಜಾಗದ ಮೇಲೇ ಇತ್ತು.

ಅಲ್ಲಿಂದ ನೆಟ್ಟಗೆ ಗಂಗಣ್ಣನ ಮನೆಗೆ ಹೋದೆ. ರೇವಣ್ಣನೂ ಅಲ್ಲೇ ಇದ್ದರು. ಹೊಳೆಯ ಕಥೆ ನಾನು ಕಟ್ಟಿದ್ದು, ಕನಸೂ ಇಲ್ಲ, ಮುಳುಗೂ ಇಲ್ಲ, ವನಜಿಯನ್ನು ಗುಣ ಮಾಡಿದ್ದು ಸೂಜಿಮದ್ದು, ಹುಡುಗಿಯನ್ನು ಇವತ್ತೇ ಆಸ್ಪತ್ರೆಗೆ ಸೇರಿಸಬೇಕು ಅಂದೆ. ಮಾತಿಗೆ ಉಪ್ಪುಖಾರ ಹಾಕದೆ ಹೇಳಿದೆ. ನನ್ನ ಬಾಯಿಂದ ಇಷ್ಟು ಸಪ್ಪೆ ಮಾತು ಅವರು ಕೇಳಿರಲಿಲ್ಲ.

ರೇವಣ್ಣ ನಕ್ಕುಬಿಟ್ಟರು. “ಬಿಡ್ಲಾ, ಇವತ್ತು ಯಾವ ಕಥೆ ತಂದೆ?”

“ಕಥೆ ಅಲ್ಲ ಯಜಮಾನ್ರೇ. ಕಾವೇರಮ್ಮನ ಆಣೆ.”

“ನೀನು ಆಣೆ ಹಾಕದ ದೇವರು ಈ ಸೀಮೇಲಿ ಇನ್ನೊಂದಿದ್ರೆ ತೋರ್ಸು.”

ಮಹಾದೇವಮ್ಮ ನಗಲಿಲ್ಲ. “ಆ ಪಾದ್ರಿ ಜನ ನಿಮ್ ತಲೆ ಕೆಡಿಸವ್ರೆ ಜವರಪ್ಪಣ್ಣ. ನನ್ ಸೊಸೆ ಗುಣ ಆಗಿದ್ದು ಸುಳ್ಳಾ? ಅಲ್ವಲ್ಲ. ಮತ್ತೆ ಹೊಳೆ ಹೆಂಗ್ ಸುಳ್ಳಾಯ್ತದೆ? ಮಗೀಗೆ ನಾಲ್ಕು ಸೋಮವಾರ ಆಗದೆ. ಈಗ ಬಿಟ್ರೆ ಅಮ್ಮ ಸುಮ್ನಿರ್ತಾಳಾ?” ಅಂದರು. ಗಂಗಣ್ಣ ಮೊದಲ ಸಲ ಬಾಯಿ ತೆಗೆದ. ನನ್ನನ್ನು ಅಂಗಳದಿಂದಾಚೆ ಹೋಗು ಅಂದ.

ನಿಮ್ಮ ಸ್ವಾಮಿಯನ್ನು ಅವರ ಸ್ವಂತ ಊರಿನವರು ನಂಬಲಿಲ್ಲ ಅಂತ ನೀನು ಬರೆದಿದ್ದೆ. ಅವರ ಸಂಗತಿ ಬೇರೆ. ನನ್ನ ಸುಳ್ಳನ್ನು ಊರೇ ನಂಬಿತು, ನಿಜವನ್ನು ಒಬ್ಬರೂ ನಂಬಲಿಲ್ಲ. ಇದಕ್ಕೆ ಯಾವ ಅಧ್ಯಾಯದಲ್ಲಿ ಪಾಠ ಇದೆಯೋ ರೂತಮ್ಮನವರನ್ನು ಕೇಳಬೇಡ.

ಹುಡುಗಿಯನ್ನು ಕದ್ದು ಬಸ್ಸು ಹತ್ತಿಸಲೇ ಎಂದು ಯೋಚಿಸಿದೆ. ಅವಳ ಅಜ್ಜಿ ಮಗ್ಗುಲು ಬಿಡುವುದಿಲ್ಲ. ನೀನು ಹೇಳಿದರೆ ಬಹುಶಃ ನಂಬುತ್ತಾರೆ. ಆದರೆ ನೀನು ಹೇಳಿದರೆ ಸಂಕ್ರಾಂತಿಯ ಎಲೆ ಇಲ್ಲ. ಬರೆ ಎಂದು ನಾನು ಹೇಳುವುದಿಲ್ಲ. ಬೇಡ ಎಂದೂ ಹೇಳುವುದಿಲ್ಲ.

ಜವರಪ್ಪ


ಆಸ್ಪತ್ರೆ
28-12-1953

ಮಾವಯ್ಯ,

ಕೆಳಗಿನದನ್ನು ಅತ್ತೆಯವರಿಗೆ ಓದಿ ಹೇಳಿ. ಏನೂ ಸೇರಿಸಬೇಡಿ.

ಅತ್ತೆಯವರಿಗೆ ವನಜ ಮಾಡುವ ನಮಸ್ಕಾರ. ನಾನು ಹೊಳೆಯಲ್ಲಿ ಮುಳುಗಲಿಲ್ಲ. ನನಗೆ ಕನಸು ಬೀಳಲಿಲ್ಲ. ವಾರ ವಾರ ಸೂಜಿ ಹಾಕಿಸಿಕೊಂಡೆ, ಈಗಲೂ ಗುಳಿಗೆ ನುಂಗುತ್ತೇನೆ, ಮುಂದೆಯೂ ನುಂಗಬೇಕು. ಮಾವಯ್ಯ ಹೇಳಿದ್ದು ನಾನು ಮನೆ ಸೇರಲಿ ಎಂದು. ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ, ಅದೂ ಮನೆ ಸೇರಲೆಂದು.

ನಿಮಗೆ ನೆನಪಿರಬೇಕು. ಪುಟ್ಟತಾಯಿಗೆ ಹಲ್ಲು ಬರುತ್ತಿದ್ದಾಗ ನಾನು ಒಲೆಯಿಂದ ಮುದ್ದೆಯ ಮಡಕೆಯನ್ನು ಬರಿಗೈಯಲ್ಲಿ ಇಳಿಸಿದೆ. ಸುಡಲಿಲ್ವೇನೇ ಎಂದು ಕೇಳಿದವರು ನೀವು. ಇಲ್ಲ ಅಂದೆ. ನೀವು ನನ್ನ ಕೈ ತಿರುಗಿಸಿ ನೋಡಿದಿರಿ. ಬೊಬ್ಬೆ ಎದ್ದಿತ್ತು. ಯಾರಿಗೂ ಹೇಳದೆ ಬೆಣ್ಣೆ ಹಚ್ಚಿದಿರಿ. ಎಲ್ಲರಿಗಿಂತ ಮೊದಲು ಕಂಡವರು ನೀವು.

ಮಗುವಿನ ತೋಳನ್ನೂ ಹಾಗೆಯೇ ನೋಡಿ. ಈಗ ಬಂದರೆ ಗುರುತೂ ಉಳಿಯದೆ ಹೋಗುತ್ತದೆ. ನನಗೆ ಎಲೆ ಹಾಕಬೇಡಿ. ನಾನು ಬರುವುದಿಲ್ಲ. ಮಗುವನ್ನು ಕಳಿಸಿ.

ವನಜ


ನೆಲ್ಯಹುದಿಕೇರಿ
4-1-1954

ವನಜಳಿಗೆ,

ಓದಿದೆ. ಏನೂ ಸೇರಿಸಲಿಲ್ಲ.

ಮಹಾದೇವಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ಓದುವವರೆಗೂ ಕರೆಯುತ್ತಲೇ ಇದ್ದರು. ಮಡಕೆಯ ಮಾತು ಬಂದಾಗ ಕೈ ನಿಂತಿತು. “ಅದನ್ನ ಇನ್ನೊಂದ್ಸಲ ಓದಿ” ಅಂದರು. ಓದಿದೆ. ಹಸು ಕಾಲು ಝಾಡಿಸಿತು. ಅದಕ್ಕೆ ಏನೋ ಬೈದರು.

ಆಮೇಲೆ ಹುಡುಗಿಯನ್ನು ಕರೆದು, ಕೊಟ್ಟಿಗೆಯ ಹೊಗೆಗೆ ಇಟ್ಟಿದ್ದ ಕೊಳ್ಳಿಯಿಂದ ಉದುರಿದ ಬಿಸಿ ಬೂದಿಯನ್ನು ಚಿಟಿಕೆಯಲ್ಲಿ ತೆಗೆದು ಮೊದಲು ತಮ್ಮ ತೋಳಿಗೆ ಇಟ್ಟುಕೊಂಡರು, ಆಮೇಲೆ ಅವಳ ತೋಳಿಗೆ. ಹುಡುಗಿ ಕರುವನ್ನೇ ನೋಡುತ್ತಿದ್ದಳು.

“ಬಸ್ಸು ಎಷ್ಟೊತ್ತಿಗೆ?” ಅಂದರು ನನ್ನನ್ನು.

ಗಂಗಣ್ಣ ಬಾಗಿಲಿಗೆ ಅಡ್ಡ ನಿಂತ. ರೇವಣ್ಣನಿಗೂ ಹೇಳಿ ಕಳಿಸಿದ. ಅವರು ಬಂದು, ಅಮ್ಮನಿಗೆ ಸಿಟ್ಟು ಬಂದರೆ ಊರಿಗೇ ಕೇಡು ಅಂದರು. ಮಹಾದೇವಮ್ಮ ಸೀರೆಯ ಗಂಟು ಕಟ್ಟುತ್ತ, “ಅಮ್ಮನಿಗೆ ನಾನ್ ಹೇಳ್ಕೋತೀನಿ. ಅವ್ಳೂ ಹೆಂಗಸೇ ಅಲ್ವಾ” ಅಂದರು. ಮಗನಿಗೆ ಹೇಳಿದ್ದು ಒಂದೇ ಮಾತು: “ಪಕ್ಕಕ್ ನಿಂತ್ಕೊ.”

ನಾಳೆ ಬಸ್ಸಿಗೆ ಹೊರಡುತ್ತೇವೆ. ನಾನೂ ಬರುತ್ತೇನೆ, ಬಸ್ಸಿನಲ್ಲಿ ಅವರಿಗೆ ವಾಂತಿ ಬರುತ್ತದಂತೆ. ಕಾಗದಕ್ಕಿಂತ ಮೊದಲು ನಾವೇ ಮುಟ್ಟಬಹುದು.

ಜವರಪ್ಪ


ಆಸ್ಪತ್ರೆ
20-2-1954

ಮಾವಯ್ಯನವರಿಗೆ ವನಜಳ ನಮಸ್ಕಾರಗಳು.

ನೀವು ಬಿಟ್ಟು ಹೋದ ಮೇಲೆ ಪುಟ್ಟತಾಯಿ ಬಹಳ ದಿನ ನನ್ನ ಹತ್ತಿರ ಬರಲಿಲ್ಲ. ಅಜ್ಜಿಯ ಹಿಂದೆ ನಿಂತು ನೋಡುತ್ತಿದ್ದಳು. ಈಗ ಬರುತ್ತಾಳೆ. ಅಕ್ಕ ಎಂದು ಕರೆಯುತ್ತಾಳೆ. ನಾನು ತಿದ್ದಿಲ್ಲ.

ಡಾಕ್ಟರು ನೋಡಿದರು. ಆ ಒಂದು ಜಾಗ ಬಿಟ್ಟು ಬೇರೆಲ್ಲೂ ಇಲ್ಲ, ತಡವಾಗಿಲ್ಲ, ಬೆರಳಿಗಾಗಲಿ ಮುಖಕ್ಕಾಗಲಿ ಬರುವುದಿಲ್ಲ ಅಂದರು. ಗುಳಿಗೆ ಕಹಿಯೆಂದು ಅಳುತ್ತಾಳೆ. ಬೆಲ್ಲ ತೋರಿಸಿದರೆ ನುಂಗುತ್ತಾಳೆ. ಅವಳಿಗೆ ಇದು ಎಲ್ಲಿಂದ ಬಂತೆಂದು ಡಾಕ್ಟರೂ ಹೇಳಲಿಲ್ಲ, ಅತ್ತೆಯೂ ಕೇಳಲಿಲ್ಲ.

ಅತ್ತೆ ಹೊರಗಿನ ಛತ್ರದಲ್ಲಿದ್ದಾರೆ. ಆಸ್ಪತ್ರೆಯ ಅನ್ನ ಬೇಡವೆಂದು ಕಲ್ಲು ಹೂಡಿ ರಾಗಿ ಬೇಯಿಸುತ್ತಾರೆ. ಸೋಮವಾರ ಬಾವಿಯ ನೀರು ಸೇದಿ ಕಾವೇರಮ್ಮನ ಹೆಸರು ಹೇಳಿ ಮಗುವಿನ ತಲೆಗೆ ಏಳು ಚೊಂಬು ಸುರಿಯುತ್ತಾರೆ. ಡಾಕ್ಟರು ನೀರು ಬಿಸಿ ಇರಲಿ ಎಂದಷ್ಟೇ ಹೇಳಿದರು. ಬಂದ ಹೊಸದರಲ್ಲಿ ನನ್ನ ತಟ್ಟೆಯನ್ನು ದೂರ ಇಡುತ್ತಿದ್ದರು. ಈಗ ಪಾತ್ರೆ ತೊಳೆಯಲು ಕೂತಾಗ ಅದನ್ನೂ ಎಳೆದುಕೊಂಡು ತಮ್ಮದರ ಜೊತೆಗೇ ತೊಳೆಯುತ್ತಾರೆ. ಅವರ ಮಗನಿಂದ ಕಾಗದವಿಲ್ಲ.

ನಿನ್ನೆ ಸಂಜೆ ಪ್ರಾರ್ಥನೆಗೆ ಬಂದು ಕಂಬದ ಹಿಂದೆ ಕೂತರು. ರೂತಮ್ಮನವರು ಪರದೇಶದ ಒಬ್ಬ ತಾಯಿಯ ಕಥೆ ಓದಿದರು. ಅವಳು ಮಗಳನ್ನು ಗುಣ ಮಾಡು ಎಂದು ಯೇಸುಸ್ವಾಮಿಯ ಹಿಂದೆ ಕೂಗಿಕೊಂಡು ಹೋಗುತ್ತಾಳೆ. ಜೊತೆಯವರು ಅಟ್ಟಲು ನೋಡುತ್ತಾರೆ. ಮಕ್ಕಳ ರೊಟ್ಟಿಯನ್ನು ನಾಯಿಗೆ ಹಾಕಬಾರದು ಎಂದು ಸ್ವಾಮಿಯೇ ಅನ್ನುತ್ತಾರೆ. ನಾಯಿಯೂ ಯಜಮಾನನ ಮೇಜಿನಿಂದ ಬಿದ್ದ ಚೂರು ತಿನ್ನುತ್ತದಲ್ಲ ಸ್ವಾಮಿ ಅನ್ನುತ್ತಾಳೆ. ಆಗ ಮಗಳಿಗೆ ಗುಣವಾಗುತ್ತದೆ.

ರೂತಮ್ಮನವರು ಎಂದಿನಂತೆ, ಈ ಹೆಂಗಸಿನಲ್ಲಿ ಏನಿತ್ತು ಹೇಳಿ ಎಂದು ಕೇಳಿದರು. ಎಲ್ಲರೂ ಒಟ್ಟಿಗೆ, ನಂಬಿಕೆ ಅಂದೆವು.

ಕಂಬದ ಹಿಂದಿನಿಂದ ಅತ್ತೆ, “ಏನಿತ್ತು ಅಂತ ಕೇಳ್ತೀರಲ್ಲವ್ವ” ಅಂದರು. “ಮನೇಲಿ ಕಾಯಿಲೆ ಮಗು ಇತ್ತು.”

ನಿಮ್ಮ ಸೊಸೆ
ವನಜ